ಶಾಲೆ ನಡೆಸುತ್ತಲೇ ಪಿಎಚ್.ಡಿ. ಮಾಡುವವರ ಪರವಾಗಿ: ಇಬ್ಬರು ಸಚಿವರಿಗೆ ಹಾಸನ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ, ಶಾಲಾ ಶಿಕ್ಷಣ ಸಚಿವರಿಗೆ ಹಾಗೂ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ಮಾನ್ಯರೆ,

ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ಸೇವೆಗೆ ಸೇರಿ ಇಪ್ಪತ್ತಮೂರು ವರ್ಷವಾಯಿತು. ಮೂರು ವರ್ಷದ ಹಿಂದೆ ಶಿಕ್ಷಣಶಾಸ್ತ್ರದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ನೋಂದಾಯಿಸಿಕೊಂಡೆ. ಮಲೆನಾಡಿನ ಸಣ್ಣ ಶಾಲೆಗಳ ಮುಖ್ಯ ಶಿಕ್ಷಕರು ದಿನನಿತ್ಯದ ತೀರ್ಮಾನಗಳನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ವಿಷಯ. ವಿಶ್ವವಿದ್ಯಾಲಯದ ಭಾಷೆಯಲ್ಲಿ ಅದನ್ನು ಶೈಕ್ಷಣಿಕ ನಾಯಕತ್ವ ಎನ್ನುತ್ತಾರೆ. ಈ ಪದವಿ ಪಡೆಯಲು ಏನೇನು ಬೇಕು ಎಂದು ನನ್ನನ್ನು ಕೇಳದ ಸಹೋದ್ಯೋಗಿಯಿಲ್ಲ. ಆಲೂರು, ಬೇಲೂರು, ಅರಕಲಗೂಡು, ಆಚೆ ಮೂಡಿಗೆರೆಯಿಂದಲೂ ಫೋನ್ ಬರುತ್ತದೆ. ನಾನು ಕೊಡುವ ಉತ್ತರದಲ್ಲಿ ಎರಡು ಭಾಗಗಳಿರುತ್ತವೆ. ನಿಯಮ ಏನು ಹೇಳುತ್ತದೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆ ನಿಯಮವನ್ನು ಹಿಡಿದುಕೊಂಡು ಶಾಲೆಯ ಗೇಟಿನಿಂದ ಹೊರಗೆ ಕಾಲಿಡುವುದು ಹೇಗೆ ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಏಕೆಂದರೆ ತಮ್ಮಲ್ಲಿ ಒಬ್ಬರ ಇಲಾಖೆ ಕೇಳುವುದನ್ನು ಇನ್ನೊಬ್ಬರ ಇಲಾಖೆ ಕೊಡಬೇಕಾಗಿದೆ, ಮತ್ತು ಈ ವಿಷಯದಲ್ಲಿ ಎರಡೂ ಇಲಾಖೆಗಳು ಒಂದೇ ಮೇಜಿಗೆ ಕುಳಿತದ್ದನ್ನು ನಾನು ಕಂಡಿಲ್ಲ.

ಮೊದಲು ನಿಯಮದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯೇ ಈಗ ಎಲ್ಲಕ್ಕೂ ಆಧಾರ. ಎರಡು ವರ್ಷದ ಎಂ.ಎಡ್. ಅಥವಾ ಶಿಕ್ಷಣಶಾಸ್ತ್ರದ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲರು ಮತ್ತು ಅಂಗವಿಕಲರಿಗೆ ಶೇ. 5ರ ರಿಯಾಯಿತಿ ಇದೆ. ನಂತರ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ. ಅಂಕಗಳ ಹಂಚಿಕೆ 70ಕ್ಕೆ 30. 2024ರಿಂದ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕವನ್ನೂ ಇದೇ ಲೆಕ್ಕದಲ್ಲಿ ಪರಿಗಣಿಸುವ ವ್ಯವಸ್ಥೆ ಬಂದಿದೆ. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅಂದರೆ ತರಗತಿಯಲ್ಲಿ ಕುಳಿತು ಓದುವ ಪತ್ರಿಕೆಗಳು, ಇರುತ್ತದೆ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಪತ್ರಿಕೆ ಅದರಲ್ಲಿ ಕಡ್ಡಾಯ, ಪಾಸಾಗಲು ಶೇ. 55 ಬೇಕು. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಪ್ರಗತಿ ಮಂಡಿಸಬೇಕು. ಪ್ರಬಂಧವನ್ನು ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ, ವೈವಾ, ಅಂದರೆ ಮೌಖಿಕ ಪರೀಕ್ಷೆ, ಬಹಿರಂಗವಾಗಿ ನಡೆಯುತ್ತದೆ. ಮೂರು ವರ್ಷಕ್ಕಿಂತ ಮೊದಲು ಮುಗಿಸುವಂತಿಲ್ಲ. ಆರು ವರ್ಷ ಮಿತಿ, ಮರುನೋಂದಣಿಯಾದರೆ ಎಂಟು, ಮಹಿಳೆಯರಿಗೆ ಹತ್ತರವರೆಗೆ ಅವಕಾಶವಿದೆ. 2016ರ ನಿಯಮದಲ್ಲಿದ್ದ, ಪ್ರಬಂಧ ಸಲ್ಲಿಸುವ ಮೊದಲೇ ನಿಯತಕಾಲಿಕದಲ್ಲಿ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ಈಗ ತೆಗೆದಿದ್ದಾರೆ. ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಿಎಚ್.ಡಿ. ಮಾಡುವಂತಿಲ್ಲ.

ಇದರಲ್ಲಿ ನನ್ನ ತಕರಾರು ಯಾವುದೂ ಇಲ್ಲ. ಎಲ್ಲ ವಿಷಯದ ಸಂಶೋಧನಾರ್ಥಿಗಳಿಗೂ ಬೋಧನಾ ತರಬೇತಿ ಆಗಬೇಕೆಂಬ ಷರತ್ತು ಬಂದಾಗ, ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳಿಗೆ ಇದು ಬೇಕಿತ್ತೇ ಎಂದು ಮನೆಯಲ್ಲಿ ನಕ್ಕರು. ನಾನು ಹೋಗಿ ಕುಳಿತೆ, ಕಲಿತೆ. ಯಾವ ಷರತ್ತನ್ನೂ ಸಡಿಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ.

ತೊಡಕಿರುವುದು ಒಂದು ಹಾಳೆಯಲ್ಲಿ. ಅರೆಕಾಲಿಕ ಪಿಎಚ್.ಡಿ.ಗೆ ಸೇರುವ ನೌಕರರು ತಮ್ಮ ಮೇಲಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು ಎಂದು ಅದೇ ನಿಯಮಾವಳಿ ಹೇಳುತ್ತದೆ. ಆ ಪತ್ರದಲ್ಲಿ ಮೂರು ಮಾತುಗಳಿರಬೇಕು: ಈ ನೌಕರರಿಗೆ ಅರೆಕಾಲಿಕ ಅಧ್ಯಯನಕ್ಕೆ ಅನುಮತಿಯಿದೆ, ಅವರ ಕಚೇರಿ ಕರ್ತವ್ಯವು ಸಂಶೋಧನೆಗೆ ಸಾಕಷ್ಟು ಸಮಯ ಉಳಿಸುತ್ತದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ. ಕೇಳಲು ಸರಳವಾಗಿದೆ. ಆದರೆ ಒಂದು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯ ಬಗ್ಗೆ ಈ ಎರಡನೆಯ ಮತ್ತು ಮೂರನೆಯ ಮಾತನ್ನು ಬರೆದು ಸಹಿ ಹಾಕಲು ಯಾವ ಅಧಿಕಾರಿಗೆ ಧೈರ್ಯ ಬರುತ್ತದೆ?

ನನ್ನ ಅರ್ಜಿಯ ಕಥೆಯನ್ನೇ ಹೇಳುತ್ತೇನೆ. ಯಾವ ಕಚೇರಿ, ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಪ್ರವೇಶ ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿದು, ಸೀಟು ಸಿಕ್ಕ ಮೇಲೆ 'ಸೂಕ್ತ ಮಾರ್ಗದ ಮೂಲಕ' ಅರ್ಜಿ ಕಳುಹಿಸಿದೆ. ಹನ್ನೊಂದು ದಿನದ ನಂತರ, ಅಡಕಗಳನ್ನು ದೃಢೀಕರಿಸಿಲ್ಲ ಎಂಬ ಷರಾದೊಂದಿಗೆ ಅದು ವಾಪಸ್ ಬಂತು. ದೃಢೀಕರಿಸಿ ಕಳುಹಿಸಿದೆ. ಎರಡನೆಯ ಸಲ ಬಂದ ಷರಾವನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ: 'ಸದರಿ ವ್ಯಾಸಂಗದಿಂದ ಇಲಾಖೆಗೆ ಆಗುವ ಪ್ರಯೋಜನವೇನು ಎಂಬುದನ್ನು ಸ್ಪಷ್ಟಪಡಿಸುವುದು.' ಕೆಂಪು ಶಾಯಿ, ಅಡಿಗೆರೆ. ಶಾಲೆಯ ಮುಖ್ಯಸ್ಥೆಯೊಬ್ಬಳು ಶಾಲಾ ಮುಖ್ಯಸ್ಥರ ಕೆಲಸದ ಬಗ್ಗೆ ಅಧ್ಯಯನ ಮಾಡಿದರೆ ಶಾಲೆಗಳ ಇಲಾಖೆಗೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದೆ. ಮೂರನೆಯ ಸಲ, ಬದಲಿ ವ್ಯವಸ್ಥೆ ಯಾರು ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಅವರಲ್ಲಿಯೂ ಇರಲಿಲ್ಲ. ವಿಶ್ವವಿದ್ಯಾಲಯ ಕೊಟ್ಟ ಗಡುವು ಮುಗಿಯಲು ನಾಲ್ಕು ದಿನ ಇರುವಾಗ ಒಂದು ಸಾಲಿನ ಪತ್ರ ಕೈಗೆ ಬಂತು: 'ಇಲಾಖಾ ಕಾರ್ಯಗಳಿಗೆ ತೊಂದರೆಯಾಗದಂತೆ, ಖಾಸಗಿ ಅವಧಿಯಲ್ಲಿ ವ್ಯಾಸಂಗ ಮಾಡಲು ಆಕ್ಷೇಪಣೆ ಇರುವುದಿಲ್ಲ.' ನಿಯಮ ಕೇಳಿದ ಮೂರು ಮಾತುಗಳಲ್ಲಿ ಒಂದೂವರೆ ಮಾತು ಅದರಲ್ಲಿತ್ತು. ವಿಶ್ವವಿದ್ಯಾಲಯದ ಗುಮಾಸ್ತರು ಕನಿಕರಿಸಿ ತೆಗೆದುಕೊಂಡರು. ಕನಿಕರದ ಮೇಲೆ ನಿಂತ ಪ್ರವೇಶವನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ನಾನೇನು ಹೇಳಲಿ?

'ಖಾಸಗಿ ಅವಧಿ' ಎಂದರೇನು ಎಂಬುದು ಕೋರ್ಸ್‌ವರ್ಕ್ ಶುರುವಾದ ಮೇಲೆ ತಿಳಿಯಿತು. ತರಗತಿಗಳು ವಾರದ ದಿನಗಳಲ್ಲಿ, ಬೆಳಗ್ಗೆ ಹತ್ತರಿಂದ. ನಾನಿರುವ ಊರಿನಿಂದ ಆ ವಿಶ್ವವಿದ್ಯಾಲಯಕ್ಕೆ ನಾಲ್ಕು ಗಂಟೆಯ ದಾರಿ. ಐದೂವರೆಯ ಬಸ್ಸು ಹತ್ತಿ ಹಾಸನದ ಹೊಸ ಬಸ್ ನಿಲ್ದಾಣದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೋಗಿ, ಸಂಜೆ ಹೊರಟು, ಮನೆ ಸೇರುವಾಗ ರಾತ್ರಿ ಹತ್ತು. ರಜೆ ಸೌಲಭ್ಯವಿರುವ ಇಲಾಖೆಯವರು ಎಂಬ ಕಾರಣಕ್ಕೆ ಶಿಕ್ಷಕರಿಗೆ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ. ಕೂಡಿಟ್ಟದ್ದು, ಅರ್ಧವೇತನ ರಜೆ, ಎಲ್ಲವನ್ನೂ ಆ ಒಂದು ಸೆಮಿಸ್ಟರ್‌ಗೆ ಸುರಿದೆ. ನನಗೆ ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೊಂದಿದೆ. ಆ ತಿಂಗಳುಗಳಲ್ಲಿ ನಮ್ಮ ಶಾಲೆಯ ಗಣಿತ ಶಿಕ್ಷಕರ ವರ್ಗಾವಣೆಯಾಯಿತು; ಅತಿಥಿ ಶಿಕ್ಷಕರ ಮಂಜೂರಾತಿಗೆ ಓಡಾಡಬೇಕಿದ್ದವಳು ನಾನು, ಓಡಾಡಲಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಆರು ವಾರ ಗಣಿತ ನಡೆಯಲಿಲ್ಲ. ನಾಯಕತ್ವದ ಸಿದ್ಧಾಂತಗಳ ಮೇಲೆ ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಆರು ವಾರಗಳು ಅವೇ.

ಹಾಗಾದರೆ ರಜೆಯ ದಿನಗಳಲ್ಲಿ ತರಗತಿ ಏಕೆ ಇಡಬಾರದು? ಶಾಲೆಗಳಿಗೆ ಅಕ್ಟೋಬರಿನಲ್ಲಿ ದಸರಾ ರಜೆಯಿದೆ, ಏಪ್ರಿಲ್–ಮೇಯಲ್ಲಿ ಬೇಸಿಗೆ ರಜೆಯಿದೆ. ಹನ್ನೆರಡು ಕ್ರೆಡಿಟ್‌ಗಳನ್ನು ಈ ಎರಡು ಅವಧಿಗಳಲ್ಲಿ, ಎದುರುಬದುರು ಕುಳಿತು, ಒಂದು ಗಂಟೆಯನ್ನೂ ಕಡಿಮೆ ಮಾಡದೆ ಮುಗಿಸಬಹುದು. ದೂರಶಿಕ್ಷಣದ ನಿಷೇಧಕ್ಕೆ ಅದರಿಂದ ಧಕ್ಕೆಯಿಲ್ಲ. ಸ್ಥಳದ ಕೊರತೆಯೂ ಇಲ್ಲ. ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಈಚೆಗೆ ಹಾಸನ ವಿಶ್ವವಿದ್ಯಾಲಯದ ನೆಲೆಯಾದ ಹೇಮಗಂಗೋತ್ರಿಯ ಕಟ್ಟಡಗಳಿವೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ನಾವೆಲ್ಲ ಹೇಳುವ ಡಯಟ್, ಇದೆ. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಹಳೆಯವುಗಳ ಜತೆ ವಿಲೀನ ಮಾಡಬೇಕೋ ಎಂಬ ಚರ್ಚೆ ಎಲ್ಲಿಗೆ ಮುಟ್ಟಿದರೂ, ಒಂದು ತಿಂಗಳ ತರಗತಿಗೆ ಬೇಕಾದ ಎರಡು ಕೊಠಡಿ ಮತ್ತು ಒಂದು ಗ್ರಂಥಾಲಯ ಈ ಊರಿನಲ್ಲಿ ಸಿಗುತ್ತದೆ. ಚಿಕ್ಕಮಗಳೂರು ಜಿಲ್ಲೆ ಸೇರುವ ಕುವೆಂಪು ವಿಶ್ವವಿದ್ಯಾಲಯ ಇರುವುದು ಶಂಕರಘಟ್ಟದಲ್ಲಿ. ಮೂಡಿಗೆರೆ ಕಡೆಯ ಒಬ್ಬ ಮುಖ್ಯ ಶಿಕ್ಷಕರಿಗೆ ಅಲ್ಲಿಗಿಂತ ಹಾಸನವೇ ಹತ್ತಿರ.

ಮಾರ್ಗದರ್ಶಕರ ಕೊರತೆ ಇನ್ನೊಂದು ಗಂಟು. ಪ್ರಾಧ್ಯಾಪಕರೊಬ್ಬರು ಒಮ್ಮೆಗೆ ಎಂಟು ಮಂದಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಗೈಡ್ ಆಗಬಹುದು. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಒಬ್ಬ ಪ್ರಾಧ್ಯಾಪಕ, ಒಬ್ಬ ಸಹ ಪ್ರಾಧ್ಯಾಪಕ, ಇಬ್ಬರು ಸಹಾಯಕ ಪ್ರಾಧ್ಯಾಪಕರಿರುವ ವಿಭಾಗವೊಂದನ್ನು ಊಹಿಸಿಕೊಳ್ಳಿ: ಎಲ್ಲ ಸ್ಥಾನ ತುಂಬಿದರೂ ಇಪ್ಪತ್ತೆರಡು. ಅದರಲ್ಲಿ ಪಠ್ಯಕ್ರಮ, ಮನೋವಿಜ್ಞಾನ, ವಿಶೇಷ ಶಿಕ್ಷಣ, ತಂತ್ರಜ್ಞಾನ ಎಲ್ಲವೂ ಬರಬೇಕು. ಶಾಲಾ ಆಡಳಿತದ ಮೇಲೆ ಕೆಲಸ ಮಾಡಿದ ಗೈಡ್ ಸಿಗುವುದು ಅದೃಷ್ಟ. ನಿಯಮವು ಬೇರೆ ಸಂಸ್ಥೆಯ ಸಹ-ಮಾರ್ಗದರ್ಶಕರಿಗೆ ಅವಕಾಶ ಕೊಟ್ಟಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯವರನ್ನೋ, 2012ರಲ್ಲೇ ಶಾಲಾ ನಾಯಕತ್ವಕ್ಕೆಂದು ಪ್ರತ್ಯೇಕ ರಾಷ್ಟ್ರೀಯ ಕೇಂದ್ರ ತೆರೆದ ದೆಹಲಿಯ ನೀಪಾ, ಅಂದರೆ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯವರನ್ನೋ ಹಾಗೆ ಕರೆಯುವುದು ಕಷ್ಟವಾಗಬಾರದು.

ಇನ್ನು ನನಗೆ ಹೆಚ್ಚು ಹೇಳಬೇಕಿರುವುದು, ಪ್ರಬಂಧ ಎಂದರೆ ಏನು ಎಂಬುದರ ಬಗ್ಗೆ. ನಮ್ಮ ಶಿಕ್ಷಣ ವಿಭಾಗಗಳಲ್ಲಿ ನಾಯಕತ್ವದ ಅಧ್ಯಯನಕ್ಕೆ ಒಂದು ಅಚ್ಚು ಸಿದ್ಧವಾಗಿದೆ. ಒಂದು ಪ್ರಶ್ನಾವಳಿ ಹಿಡಿಯಿರಿ. ಇನ್ನೂರು ಮುಖ್ಯ ಶಿಕ್ಷಕರಿಂದ ತುಂಬಿಸಿ. ಗಂಡು–ಹೆಣ್ಣು, ಗ್ರಾಮ–ನಗರ, ಸರ್ಕಾರಿ–ಅನುದಾನಿತ–ಖಾಸಗಿ ಎಂದು ವಿಂಗಡಿಸಿ. ಟಿ-ಪರೀಕ್ಷೆ ಎಂಬ ಅಂಕಿಅಂಶದ ಲೆಕ್ಕ ಮಾಡಿ, ಸಾರ್ಥಕ ವ್ಯತ್ಯಾಸ ಇದೆ ಅಥವಾ ಇಲ್ಲ ಎಂದು ಬರೆಯಿರಿ. ನನ್ನ ಮೊದಲ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಕೂಡ ಹಾಗೇ ಇತ್ತು; ಅಮೆರಿಕದ ಒಹಾಯೊದಲ್ಲಿ 1950ರ ದಶಕದಲ್ಲಿ ರೂಪುಗೊಂಡ ನಾಯಕತ್ವ ವರ್ತನೆಯ ಪ್ರಶ್ನಾವಳಿಯ ಮಾದರಿಯಲ್ಲಿ ಮಾಡಿದ ಒಂದು ಕನ್ನಡ ಪ್ರಶ್ನಾವಳಿ. ಅದನ್ನು ಪ್ರಾಯೋಗಿಕವಾಗಿ ನೋಡಲು ಕಳೆದ ವರ್ಷ ಜುಲೈನಲ್ಲಿ ಘಟ್ಟದ ಅಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋದೆ. ಹತ್ತೊಂಬತ್ತು ಮಕ್ಕಳು, ಒಬ್ಬ ಮುಖ್ಯ ಶಿಕ್ಷಕರು, ಒಬ್ಬ ಅತಿಥಿ ಶಿಕ್ಷಕಿ. ಮಳೆ ಹಂಚಿನ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು ಅವರು ಪ್ರಶ್ನಾವಳಿಯ ಮೇಲೆ ಬೆರಳಿಟ್ಟು ಓದಿದರು. 'ತಂಡದ ಸದಸ್ಯರೊಂದಿಗೆ ಸಮಾಲೋಚಿಸಿ ತೀರ್ಮಾನ ಕೈಗೊಳ್ಳುತ್ತೇನೆ' ಎಂಬ ಸಾಲಿನಲ್ಲಿ ಬೆರಳು ನಿಂತಿತು. "ತಂಡ ಅಂದ್ರೆ ಯಾರು ಮೇಡಂ? ಅಡುಗೆಯವರನ್ನೂ ಸೇರಿಸ್ಲಾ?" ಎಂದರು. ಕೊನೆಗೆ 'ಯಾವಾಗಲೂ' ಎಂಬಲ್ಲಿ ಗುರುತು ಹಾಕಿ ಎದ್ದರು, ಏಕೆಂದರೆ ಹಾಲಿನ ಪುಡಿ ಕಲಸುವ ಹೊತ್ತಾಗಿತ್ತು.

ಪ್ರಶ್ನಾವಳಿಯನ್ನು ಚೀಲಕ್ಕೆ ಹಾಕಿ ಆ ದಿನ ಅವರು ಮಾಡಿದ್ದನ್ನೆಲ್ಲ ಬರೆದುಕೊಂಡೆ. ಹಳ್ಳ ಏರುತ್ತಿದೆ ಎಂದು ಒಬ್ಬ ತಂದೆ ಫೋನ್ ಮಾಡಿದಾಗ, ಆಚೆ ದಡದ ಐದು ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಕಳಿಸಬೇಕೋ ಊಟ ಹಾಕಿ ಕಳಿಸಬೇಕೋ ಎಂದು ಯೋಚಿಸಿದರು. ಊಟವನ್ನು ಹನ್ನೊಂದೂಕಾಲಿಗೇ ಬಡಿಸಿಸಿದರು, ಮೊಟ್ಟೆಯನ್ನು ಮಕ್ಕಳ ಕೈಗೆ ಕೊಟ್ಟರು, ತಾವೇ ಸಂಕದವರೆಗೆ ಹೋಗಿ ದಾಟಿಸಿ ಬಂದರು. ಅಷ್ಟರಲ್ಲಿ ಅತಿಥಿ ಶಿಕ್ಷಕಿ ಐದೂ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ, ಐದನೆಯವರ ಕೈಯಲ್ಲಿ ಒಂದನೆಯವರಿಗೆ ಓದಿಸುತ್ತಿದ್ದರು. ಆ ಏರ್ಪಾಟು ಇಬ್ಬರೂ ಜೂನ್‌ನಲ್ಲೇ ಮಾಡಿಕೊಂಡದ್ದಂತೆ. ಹಾಜರಾತಿಯನ್ನು ಆನ್‌ಲೈನ್‌ಗೆ ಏರಿಸಲು ನೆಟ್‌ವರ್ಕ್ ಇರಲಿಲ್ಲ, ಸಂಜೆ ಗುಡ್ಡದ ಮೇಲೆ ನಿಂತು ಏರಿಸಿದರು. ಶಾಲಾ ನಾಯಕತ್ವ ಎಂದರೆ ಏನು ಎಂದು ನನ್ನನ್ನು ಕೇಳಿದರೆ, ಆ ಹನ್ನೊಂದೂಕಾಲರ ಊಟವನ್ನು ತೋರಿಸುತ್ತೇನೆ. ಇದನ್ನು ಅಧ್ಯಯನ ಮಾಡುತ್ತೇನೆ ಎಂದು ಸಲಹಾ ಸಮಿತಿಯ ಮುಂದೆ ಹೇಳಿದಾಗ ಒಬ್ಬ ಸದಸ್ಯರು, ಸ್ಯಾಂಪಲ್ ಎಷ್ಟು ಎಂದು ಕೇಳಿದರು. ಒಂಬತ್ತು ಶಾಲೆ ಎಂದೆ. ಸಾಲದು ಎಂದರು. ನನ್ನ ಗೈಡ್ ಪಟ್ಟು ಹಿಡಿದ ಕಾರಣಕ್ಕೆ ವಿಷಯ ಉಳಿಯಿತು, ಆದರೆ ಪ್ರಶ್ನಾವಳಿಯೂ ಜತೆಗಿರಲಿ ಎಂಬ ಷರತ್ತಿನ ಮೇಲೆ.

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ 1920ರಲ್ಲಿ ಶಿಕ್ಷಣಕ್ಕೆಂದೇ ಪ್ರತ್ಯೇಕ ಶಾಲೆ ತೆರೆದಾಗ ಎಡ್.ಡಿ. ಎಂಬ ಡಾಕ್ಟರೇಟನ್ನು ತಂದಿತು. ಜಿಲ್ಲೆಯ ಶಾಲೆಗಳನ್ನು ನಡೆಸುವ ಸೂಪರಿಂಟೆಂಡೆಂಟರು, ಪ್ರಿನ್ಸಿಪಾಲರು ಕೆಲಸದಲ್ಲಿದ್ದುಕೊಂಡೇ ಮಾಡುವ ಪದವಿಯಾಗಿ ಅದು ಬೆಳೆಯಿತು. ಸ್ನಾತಕೋತ್ತರ ಪದವಿಯ ಜತೆಗೆ ಕೆಲವು ವರ್ಷದ ಶಾಲಾ ಅನುಭವವನ್ನು ಅಲ್ಲಿನ ಹಲವು ವಿಭಾಗಗಳು ಪ್ರವೇಶಕ್ಕೆ ಕೇಳುತ್ತವೆ. ವಾರಾಂತ್ಯ ಮತ್ತು ಬೇಸಿಗೆಯ ತರಗತಿ, ಒಟ್ಟಿಗೆ ಸೇರಿ ಒಟ್ಟಿಗೆ ಮುಗಿಸುವ ಗುಂಪು, ಇವು ಅಲ್ಲಿ ಸಾಮಾನ್ಯ. ಅದಕ್ಕೂ ಬಹಳ ಕಾಲ ನೀರು ಬೆರೆಸಿದ ಪಿಎಚ್.ಡಿ. ಎಂಬ ಮೂದಲಿಕೆ ತಪ್ಪಲಿಲ್ಲ. ಪಿಎಚ್.ಡಿ.ಯನ್ನೇ ಅನುಕರಿಸಿ ಅರ್ಧಕ್ಕೆ ನಿಂತ ಪ್ರಬಂಧಗಳು ಆ ಮಾತಿಗೆ ಎಡೆಕೊಟ್ಟಿದ್ದವು. 2007ರಲ್ಲಿ ಕಾರ್ನೆಗಿ ಹೆಸರಿನ ಯೋಜನೆಯೊಂದರಡಿ ಹಲವು ವಿಶ್ವವಿದ್ಯಾಲಯಗಳು ಕೂಡಿ ಈ ಪದವಿಯನ್ನು ಹೊಸದಾಗಿ ಯೋಚಿಸಿದವು. ತನ್ನ ಕೆಲಸದ ಜಾಗದಲ್ಲಿರುವ ನಿಜವಾದ ಸಮಸ್ಯೆಯೊಂದನ್ನು ಹಿಡಿದು, ಅದಕ್ಕೆ ಪರಿಹಾರ ಪ್ರಯತ್ನಿಸಿ, ಏನಾಯಿತೆಂದು ಪುರಾವೆಯ ಸಮೇತ ಬರೆಯುವುದನ್ನೇ ಡಾಕ್ಟರೇಟ್ ಪ್ರಬಂಧವೆಂದು ಒಪ್ಪುವ ಮಾದರಿ ಅಲ್ಲಿಂದ ಬಲಗೊಂಡಿತು. 2010ರಲ್ಲಿ ಹಾರ್ವರ್ಡ್ ಶುರುಮಾಡಿದ ಶೈಕ್ಷಣಿಕ ನಾಯಕತ್ವದ ಮೂರು ವರ್ಷದ ಡಾಕ್ಟರೇಟಿನಲ್ಲಿ ಕೊನೆಯ ವರ್ಷ ಪೂರ್ತಿ ಯಾವುದಾದರೂ ಶಿಕ್ಷಣ ಸಂಸ್ಥೆಯೊಳಗೆ ಕೆಲಸ.

ಅಮೆರಿಕದ್ದನ್ನು ಇಲ್ಲಿಗೆ ನೆಡಿ ಎಂದು ನಾನು ಹೇಳುತ್ತಿಲ್ಲ. ಕಾಫಿ ಗಿಡವೂ ಹೊರಗಿನದೇ, ಆದರೆ ಇಲ್ಲಿನ ನೆರಳು ಕೊಟ್ಟು ಬೆಳೆಸಿದೆವು. ನಮ್ಮಲ್ಲಿ ಹೊಸ ಪದವಿಯ ಹೆಸರೂ ಬೇಡ. ಇರುವ ಪಿಎಚ್.ಡಿ.ಯೊಳಗೇ, ಸೇವೆಯಲ್ಲಿರುವ ಮುಖ್ಯ ಶಿಕ್ಷಕರು, ಸಮೂಹ ಸಂಪನ್ಮೂಲ ವ್ಯಕ್ತಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳು ತಮ್ಮದೇ ಶಾಲೆ ಅಥವಾ ತಮ್ಮದೇ ಸಮೂಹವನ್ನು ಸಂಶೋಧನೆಯ ಕ್ಷೇತ್ರವಾಗಿ ಆರಿಸಿಕೊಳ್ಳಬಹುದೆಂದು ವಿಭಾಗಗಳು ಲಿಖಿತವಾಗಿ ಒಪ್ಪಿದರೆ ಸಾಕು. ತನ್ನ ಶಾಲೆಯ ಬಗ್ಗೆ ತಾನೇ ಬರೆದರೆ ಪಕ್ಷಪಾತವಾಗದೇ ಎಂದು ಕೇಳುವವರಿದ್ದಾರೆ. ಆಗಬಹುದು. ಅದನ್ನು ಹಿಡಿಯಲೆಂದೇ ಅಲ್ಲವೇ ಸಲಹಾ ಸಮಿತಿ, ಹೊರಗಿನ ಪರೀಕ್ಷಕರು, ಬಹಿರಂಗ ವೈವಾ ಇರುವುದು? ಆ ವೈವಾವನ್ನು ಶಾಲೆಯಿರುವ ತಾಲ್ಲೂಕಿನಲ್ಲೇ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಕರೆದು ನಡೆಸಿದರೆ ಅಭ್ಯರ್ಥಿ ಸುಳ್ಳು ಹೇಳುವುದು ಇನ್ನೂ ಕಷ್ಟ.

ಸೇವೆಯಲ್ಲಿರುವವರಿಗೆ ಬಾಗಿಲು ಅಗಲಿಸಿದರೆ ಹೆಸರಿನ ಮುಂದೆ 'ಡಾ.' ಹಾಕಿಕೊಳ್ಳುವ ಆಸೆಯವರು ನುಗ್ಗುತ್ತಾರೆ, ಹಣ ಕೊಟ್ಟು ಬರೆಸುವವರು ಹೆಚ್ಚುತ್ತಾರೆ ಎಂಬ ಆತಂಕ ನನಗೂ ಇದೆ. ಪ್ರಬಂಧ 'ರೆಡಿ ಮಾಡಿಕೊಡುತ್ತೇವೆ' ಎಂದು ನನಗೇ ಎರಡು ಸಲ ಕರೆ ಬಂದಿದೆ. ಒಬ್ಬರು ಅಧ್ಯಾಯಕ್ಕಿಷ್ಟು ಎಂದು ದರ ಹೇಳಿದರು. ಕೃತಿಚೌರ್ಯದ ವಿರುದ್ಧ 2018ರ ನಿಯಮವಿದೆ, ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ದಂಡನೆಯ ಹಂತಗಳಿವೆ. ಆದರೆ ಹೊಸದಾಗಿ ಬೇರೆಯವರ ಕೈಯಲ್ಲಿ ಬರೆಸಿದ್ದನ್ನು ಹೋಲಿಕೆಯ ಯಂತ್ರ ಹಿಡಿಯುವುದಿಲ್ಲ. ಇನ್ನೂರು ಪ್ರಶ್ನಾವಳಿಯ ಪ್ರಬಂಧವನ್ನು ಮನೆಯಲ್ಲಿ ಕುಳಿತು ತಯಾರಿಸಿಬಿಡಬಹುದು. ಹನ್ನೊಂದೂಕಾಲರ ಊಟವನ್ನು ಹಾಗೆ ತಯಾರಿಸಲಾಗುವುದಿಲ್ಲ, ಏಕೆಂದರೆ ಆ ಶಾಲೆಗೆ ಹೋಗಿ ಕೇಳಿದರೆ ಯಾವ ಮಗುವಾದರೂ ನಿಜ ಹೇಳುತ್ತದೆ.

ಆದ್ದರಿಂದ ಶಾಲಾ ಶಿಕ್ಷಣ ಸಚಿವರಲ್ಲಿ ನನ್ನ ವಿನಂತಿ ಇದು. ನಿರಾಕ್ಷೇಪಣಾ ಪತ್ರದ ಒಂದು ನಮೂನೆಯನ್ನು, ನಿಯಮ ಕೇಳುವ ಮೂರೂ ಮಾತುಗಳೊಂದಿಗೆ, ಇಲಾಖೆಯೇ ಹೊರಡಿಸಲಿ. ಅರ್ಜಿ ತಲುಪಿದ ಮೂವತ್ತು ದಿನದೊಳಗೆ ಹೌದು ಅಥವಾ ಇಲ್ಲ ಎನ್ನಲಿ. ಇಲ್ಲವೆಂದರೆ ಕಾರಣ ಬರೆಯಲಿ. ಚುನಾವಣೆ, ಗಣತಿ, ತರಬೇತಿಗಳಿಗೆ ನಮ್ಮನ್ನು ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ ಕರ್ತವ್ಯ, ಎಂಬ ಲೆಕ್ಕದ ಮೇಲೆ ಕಳಿಸಲು ಇರುವ ದಾರಿ ಕೋರ್ಸ್‌ವರ್ಕ್‌ಗೂ ಪ್ರಗತಿ ಮಂಡನೆಗೂ ಇರಲಿ, ಆ ಅವಧಿಗೆ ಪ್ರಭಾರ ಯಾರದೆಂಬ ಆದೇಶವೂ ಜತೆಗೇ ಬರಲಿ. ನನ್ನ ಶಾಲೆಯ ಗಣಿತದ ಆರು ವಾರಗಳು ಇನ್ನೊಂದು ಶಾಲೆಯಲ್ಲಿ ಮರುಕಳಿಸಬಾರದು. ಉನ್ನತ ಶಿಕ್ಷಣ ಸಚಿವರು ಮತ್ತು ಕುಲಪತಿಗಳು ರಜಾ ಅವಧಿಯ ಕೋರ್ಸ್‌ವರ್ಕನ್ನು ಹಾಸನದಲ್ಲಿ ಒಮ್ಮೆ ನಡೆಸಿ ನೋಡಲಿ. ಶಾಲಾ ನಾಯಕತ್ವದ ಮೇಲೆ ಬಂದ ಪ್ರತಿ ಪ್ರಬಂಧಕ್ಕೂ ಇಪ್ಪತ್ತು ಪುಟದ ಕನ್ನಡ ಸಾರಾಂಶವನ್ನು ಕಡ್ಡಾಯ ಮಾಡಿ ಆಯಾ ಜಿಲ್ಲೆಯ ಡಯಟ್‌ಗೂ ಶಾಲಾ ನಾಯಕತ್ವದ ರಾಜ್ಯ ಸಂಸ್ಥೆಯಾದ ಧಾರವಾಡದ ಸಿಸ್ಲೆಪ್‌ಗೂ ತಲುಪಿಸಲಿ. ಪದವಿ ಘೋಷಣೆಗೆ ಮುನ್ನ ಪ್ರಬಂಧದ ಪ್ರತಿ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರ ಸೇರುತ್ತದೆ ನಿಜ; ನನ್ನ ತಾಲ್ಲೂಕಿನ ಎಷ್ಟು ಮುಖ್ಯ ಶಿಕ್ಷಕರು ಅಲ್ಲಿಗೆ ಹೋಗಿ ಮುನ್ನೂರು ಪುಟದ ಇಂಗ್ಲಿಷ್ ಓದುತ್ತಾರೆ? 'ಇಲಾಖೆಗೆ ಆಗುವ ಪ್ರಯೋಜನವೇನು' ಎಂಬ ಕೆಂಪು ಶಾಯಿಯ ಪ್ರಶ್ನೆಗೆ ಆ ಇಪ್ಪತ್ತು ಪುಟ ನನ್ನ ಎರಡು ಪುಟಕ್ಕಿಂತ ಒಳ್ಳೆಯ ಉತ್ತರವಾದೀತು.

ನನ್ನ ಮುಂದಿನ ಪ್ರಗತಿ ಮಂಡನೆ ಬರುವ ತಿಂಗಳ ಎರಡನೆಯ ಬುಧವಾರಕ್ಕೆ ಗೊತ್ತಾಗಿದೆ. ಅದೇ ದಿನ ತಾಲ್ಲೂಕಿನ ಮುಖ್ಯ ಶಿಕ್ಷಕರ ಸಭೆ ಕರೆದಿದ್ದಾರೆ, ಗೈರಾದವರ ಮೇಲೆ ಕ್ರಮ ಎಂದು ಸುತ್ತೋಲೆಯ ಕೊನೆಯ ಸಾಲಿನಲ್ಲಿದೆ. ಸಭೆಯ ವಿಷಯ: ಶಾಲಾ ನಾಯಕತ್ವ ಬಲವರ್ಧನೆ. ರಜೆಯ ಅರ್ಜಿ ಬರೆದು ಇಟ್ಟಿದ್ದೇನೆ. ಕಾರಣ ಎಂಬ ಕಾಲಂ ಇನ್ನೂ ಖಾಲಿಯಿದೆ.

ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಮುಖ್ಯ ಶಿಕ್ಷಕಿ